ಬೇರಿನ ಹೆಸರಲ್ಲಿ ಸೀಮೆಸುಣ್ಣ

ನಿಮ್ಮ ಬಚ್ಚಲಮನೆಯಲ್ಲಿರುವ 'ಗಿಡಮೂಲಿಕೆ' ಟೂತ್‌ಪೇಸ್ಟನ್ನು ಒಮ್ಮೆ ತಿರುಗಿಸಿ ನೋಡಿ. ಮುಂದುಗಡೆ ಒಂದು ಬೇರಿನ ಚಿತ್ರ, ಎರಡು ಹಸಿರೆಲೆ, ಪಕ್ಕದಲ್ಲಿ ಕಲ್ಬತ್ತು. ಹಿಂದುಗಡೆ ಇರುವೆಗೆ ಮಾತ್ರ ಓದಲು ಬರುವಂಥ ಅಕ್ಷರ. ಆಯುರ್ವೇದದ ಲೈಸೆನ್ಸಿನಲ್ಲಿ ಮಾಡಿದ್ದಾದರೆ 'ಪ್ರತಿ 100 ಗ್ರಾಂನಲ್ಲಿ' ಅಂತ ಶುರುವಾಗಿ ಇಂಥ ಬೇರು ಇಷ್ಟು, ಇಂಥ ತೊಗಟೆ ಇಷ್ಟು ಅಂತ ಲೆಕ್ಕ ಇರುತ್ತದೆ. ಅವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೂಡಿಸಿ. ನೂರಾಗುವುದಿಲ್ಲ. ಹತ್ತಿರಕ್ಕೂ ಬರುವುದಿಲ್ಲ. ಕೊನೆಗೆ ಒಂದು ಸಾಲು: 'ಬೇಸ್ - ಕ್ಯೂ.ಎಸ್.'

ಈ ಕ್ಯೂ.ಎಸ್. ಅಂದರೆ ಲ್ಯಾಟಿನ್ ಭಾಷೆಯಲ್ಲಿ 'ಸಾಕಾಗುವಷ್ಟು'. ನಮ್ಮ ಅಜ್ಜಿಯರು ಅಡುಗೆ ಹೇಳಿಕೊಡುವಾಗ 'ಉಪ್ಪು ರುಚಿಗೆ ತಕ್ಕಷ್ಟು' ಅನ್ನುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಒಂದೇ. ಇಲ್ಲಿ ಉಪ್ಪು ಮೆಣಸು ಅಳೆದು ಹಾಕಿದ್ದಾರೆ, ಸಾರು ಮಾತ್ರ 'ತಕ್ಕಷ್ಟು'!!

ಆ ಸಾರಿನಲ್ಲಿ ಏನಿದೆ? ಹೆಚ್ಚಿನ ಪೇಸ್ಟುಗಳಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟು, ಅಂದರೆ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣದ ಜಾತಿಯದು. ಅದಿಲ್ಲದಿದ್ದರೆ ಸಿಲಿಕಾ. ಪೇಸ್ಟು ಒಣಗದಿರಲಿ ಅಂತ, ಒಂದಿಷ್ಟು ಸಿಹಿಗೂ ಆಗಲಿ ಅಂತ ಸಾರ್ಬಿಟಾಲ್. ನೊರೆ ಬರಲು ಸೋಡಿಯಂ ಲಾರೈಲ್ ಸಲ್ಫೇಟ್. ಅಂಟಿಗೆ ಯಾವುದೋ ಗೋಂದು. ಕೆಂಪು ಪೇಸ್ಟಾದರೆ ಬಣ್ಣಕ್ಕೆ ಗೈರಿಕ. ಸಂಸ್ಕೃತದಲ್ಲಿ ಹೇಳಿದರೆ ಭಾರಿ ಔಷಧದ ಹಾಗೆ ಕೇಳಿಸುತ್ತದೆ. ನಮ್ಮ ಹೆಣ್ಣುಮಕ್ಕಳು ಹೊಸ್ತಿಲಿಗೆ, ರಂಗೋಲಿಯ ಅಂಚಿಗೆ ಬಳಿಯುತ್ತಿದ್ದ ಕೆಮ್ಮಣ್ಣು ಕಣ್ರೀ ಅದು.

ಸೀಮೆಸುಣ್ಣದಿಂದ ಹಲ್ಲುಜ್ಜಿದರೆ ತಪ್ಪೇನಿಲ್ಲ. ಕೊಳೆ ಹೋಗುತ್ತದೆ. ನನ್ನ ಜಗಳ ಸೀಮೆಸುಣ್ಣದ ಮೇಲಲ್ಲ, ಅದನ್ನು ಬೇರಿನ ಬೆಲೆಗೆ ಮಾರುವುದರ ಮೇಲೆ. ಮಕ್ಕಳ ಹಲ್ಲಿನ ಲೆಕ್ಕದಲ್ಲಿ ಮಾರುವುದರ ಮೇಲಂತೂ ಇನ್ನೂ ಹೆಚ್ಚು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಇಲ್ಲಿ ಇಂದಿರಾಪುರ, ನೋಯ್ಡಾ, ಗುರ್ಗಾಂವ್, ದ್ವಾರಕಾ ಅಂತ ಚದುರಿಹೋಗಿರುವ ನಮ್ಮವರು ಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ಸೇರಿದಾಗ ಬಿಸಿಬೇಳೆಬಾತಿನ ಜೊತೆಗೆ ಈಚೆಗೆ ಒಂದು ಹೊಸ ಐಟಂ ಸೇರಿಕೊಂಡಿದೆ: ಮಾರಾಟ. ನಮ್ಮ ಕಡೆಯ ಹುಡುಗನೇ, ಒಳ್ಳೆಯವನೇ, ಐಟಿ ಕೆಲಸದ ಜೊತೆಗೆ 'ಸೈಡ್ ಇನ್‌ಕಮ್'. ನೂರಕ್ಕೆ ನೂರು 'ಪ್ಲಾಂಟ್ ಬೇಸ್ಡ್' ಪೇಸ್ಟು, ಮಿಸ್ವಾಕ್ ಬೇರಿನದು, ಫ್ಲೋರೈಡ್ ಇಲ್ಲ, ಕೆಮಿಕಲ್ ಇಲ್ಲ, ನಮ್ಮ ಪೂರ್ವಜರ ವಿದ್ಯೆ. 100 ಗ್ರಾಂಗೆ 340 ರೂಪಾಯಿ. ನೀವೂ ಮೂರು ಜನಕ್ಕೆ ಮಾರಿಸಿದರೆ ನಿಮಗೂ ಪಾಲು. ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಸುಪ್ರಭಾತದ ಜೊತೆ ಬೇರಿನ ಮಹಿಮೆ. ನಾನು ಟ್ಯೂಬು ತಿರುಗಿಸಿ "ಬೇರು ಎಷ್ಟು ಗ್ರಾಂ ಇದೆಯಪ್ಪಾ?" ಅಂತ ಕೇಳಿದೆ. "ಅಂಕಲ್, ಅದೆಲ್ಲ ಫಾರ್ಮುಲಾ, ಕಂಪನಿ ಹೇಳಲ್ಲ" ಅಂದ. ಪಕ್ಕದಲ್ಲಿದ್ದವರು "ಸಾರ್, ನಿಮ್ಮದು ಯಾವಾಗಲೂ ಇದೇ ತಕರಾರು, ಮೊದಲು ಊಟ ಮಾಡಿ" ಅಂದರು.

ಊಟ ಆಯಿತು. ಈಗ ತಕರಾರು :)

ಮೊದಲು ಬೇರಿನ ವಿಷಯ. ಮಿಸ್ವಾಕ್ ಬೇಕಾದರೆ 340 ರೂಪಾಯಿ ಬೇಡ ಸ್ವಾಮಿ, ಜಾಮಾ ಮಸೀದಿಗೆ ಹೋಗಿ. ಒಂದನೇ ಗೇಟಿನ ಎದುರು ಮಟಿಯಾ ಮಹಲ್ ಬಜಾರಿನ ಕಡೆ ಅತ್ತರು, ಟೋಪಿ, ಖರ್ಜೂರದ ನಡುವೆ ಕಟ್ಟು ಕಟ್ಟಾಗಿ ಇಟ್ಟಿರುತ್ತಾರೆ. ನಿಜಾಮುದ್ದೀನ್ ಬಸ್ತಿಯ ಗಲ್ಲಿಯಲ್ಲೂ ಸಿಗುತ್ತದೆ. ಒಂದು ಗೇಣುದ್ದ, ಬೆರಳು ದಪ್ಪ, ಮಣ್ಣಿನ ಬಣ್ಣ. ಹತ್ತಿಪ್ಪತ್ತು ರೂಪಾಯಿಯ ವ್ಯವಹಾರ. ರಂಜಾನಿನಲ್ಲಿ ಬಲು ಗಿರಾಕಿ, ಏಕೆಂದರೆ ಹಲ್ಲುಕಡ್ಡಿಯಿಂದ ಬಾಯಿ ಶುಚಿ ಮಾಡಿಕೊಳ್ಳುವುದು ಮುಸ್ಲಿಮರಲ್ಲಿ ಪ್ರವಾದಿಯವರ ಕಾಲದಿಂದ ಬಂದ ಆಚಾರ. 'ನಮ್ಮ ಪೂರ್ವಜರ ವಿದ್ಯೆ' ಅಂತ ನಮ್ಮ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕುವವರಿಗೆ ಈ ಸಂಗತಿ ಗೊತ್ತೋ ಇಲ್ಲವೋ!

ಮರದ ಹೆಸರು ಪೀಲು. ಸಸ್ಯಶಾಸ್ತ್ರದವರು ಸಾಲ್ವಡೋರಾ ಪರ್ಸಿಕಾ ಅನ್ನುತ್ತಾರೆ. ಹರಿಯಾಣ, ರಾಜಸ್ಥಾನದ ಹಳ್ಳಿಗಳಲ್ಲಿ ಇದು 'ಖಾರಾ ಜಾಲ್'. ಇದರ ತಮ್ಮ 'ಮೀಠಾ ಜಾಲ್' ಸಿಹಿ ಹಣ್ಣಿನದು, ಬೇಸಿಗೆಯ ಉರಿಯಲ್ಲಿ ಹಣ್ಣು ಬಿಡುತ್ತದೆ, ಮಕ್ಕಳು ಆರಿಸಿ ತಿನ್ನುತ್ತವೆ. ಉಪ್ಪು ನೆಲ, ಮರಳು ನೆಲ, ನೀರಿಲ್ಲದ ನೆಲ ಇದಕ್ಕೆ ಆಗಿಬರುತ್ತದೆ. ಕೊಂಬೆಗಳು ನೆಲಕ್ಕೆ ಜೋತುಬಿದ್ದು, ಒಳಗೆ ಒಂದು ಕೋಣೆಯಷ್ಟು ನೆರಳು. ಇದೇ ಬಯಲಿನ ಗಿಡ, ಇಲ್ಲಿನವರದೇ ಗಿಡ.

ನಾನು ಅದನ್ನು ತಂದು ಉಪಯೋಗಿಸಿ ನೋಡಿದ್ದೇನೆ. ತುದಿಯ ಅರ್ಧ ಇಂಚು ಸಿಪ್ಪೆ ಕೆತ್ತಬೇಕು, ಜಗಿದು ಜಗಿದು ನಾರು ಬಿಡಿಸಬೇಕು. ಮೊದಲ ದಿನ ಸಾಸಿವೆ ಅರೆದು ಬಾಯಿಗಿಟ್ಟ ಹಾಗೆ ಘಾಟು. ಅದು ಸುಮ್ಮನೆ ಹೋಲಿಕೆಯಲ್ಲ, ಸಾಸಿವೆಯ ಘಾಟಿನ ವಂಶದ್ದೇ ಒಂದು ರಾಸಾಯನಿಕ ಬೇರಿನಲ್ಲಿದೆ. ಬೆಂಜೈಲ್ ಐಸೋಥಯೋಸಯನೇಟ್ ಅಂತ ಅದರ ಹೆಸರು, ಬ್ಯಾಕ್ಟೀರಿಯಾಗಳಿಗೆ ಆಗದು. ('ಕೆಮಿಕಲ್ ಇಲ್ಲ' ಅನ್ನುವವರು ಆ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಿ.) ನಾರು ಬಿಡಿಸಿ, ಒಂದೊಂದೇ ಹಲ್ಲು ಉಜ್ಜಿ ಮುಗಿಸುವ ಹೊತ್ತಿಗೆ ಹತ್ತು ನಿಮಿಷ. ಎರಡು ದಿನಕ್ಕೊಮ್ಮೆ ತುದಿ ಕತ್ತರಿಸಿ ಹೊಸ ನಾರು ಮಾಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಇಂಥ ಹಲ್ಲುಕಡ್ಡಿ ರೂಢಿ ಇರುವ ಕಡೆ ಅದನ್ನು ಪ್ರೋತ್ಸಾಹಿಸಿ ಅಂದಿತ್ತು. 2000ದಲ್ಲಿ ಬಂದ ತಜ್ಞರ ಒಮ್ಮತದ ವರದಿ ಇನ್ನೂ ಸಂಶೋಧನೆ ಬೇಕು ಅಂತ ಎಚ್ಚರಿಕೆಯ ಮಾತು ಸೇರಿಸಿತು.

ಆದರೆ ನೋಡಿ, ಈ ಕಡ್ಡಿಯ ಕೆಲಸದ ಮುಕ್ಕಾಲು ಪಾಲು ನಡೆಯುವುದು ಎಲ್ಲಿ? ನಾರಿನಲ್ಲಿ, ಆ ಹತ್ತು ನಿಮಿಷದಲ್ಲಿ. ಅದೊಂದು ಬ್ರಷ್ಷು, ಪೇಸ್ಟು ತನ್ನೊಳಗೇ ತುಂಬಿಕೊಂಡಿರುವ ಬ್ರಷ್ಷು. ಅದನ್ನು ಪುಡಿಮಾಡಿ, ಸತ್ವ ತೆಗೆದು, ಚಿಟಿಕೆಯಷ್ಟನ್ನು ಸೀಮೆಸುಣ್ಣದಲ್ಲಿ ಕಲಸಿದ ಮೇಲೆ ನಾರು ಎಲ್ಲಿ ಹೋಯಿತು? ಹತ್ತು ನಿಮಿಷ ಎಲ್ಲಿ ಹೋಯಿತು? ನಾವು ಮೆಟ್ರೊ ಹಿಡಿಯುವ ಅವಸರದಲ್ಲಿ ನಲವತ್ತು ಸೆಕೆಂಡು ಉಜ್ಜಿ ಉಗಿಯುತ್ತೇವೆ. ಕಡ್ಡಿಗೆ ಸಂದ ಹೊಗಳಿಕೆಯನ್ನು ಟ್ಯೂಬಿಗೆ ಅಂಟಿಸುವುದು ಹೇಗಿದೆ ಅಂದರೆ, ಗರಡಿಯಾಳು ದಿನಾ ಸಾವಿರ ಬಸ್ಕಿ ಹೊಡೆಯುತ್ತಾನೆ, ಅವನ ಲಂಗೋಟಿ ನಾನು ಕಟ್ಟಿಕೊಂಡೆ, ನನಗೂ ಮೈ ಬಂತು ಅಂದ ಹಾಗೆ.

ಬೇರನ್ನು ಟ್ಯೂಬಿಗೆ ತುಂಬಿದ್ದು ಇಂದು ನಿನ್ನೆಯದಲ್ಲ. ನಮ್ಮ ಗಾಜಿಯಾಬಾದಿನ ಕೌಶಾಂಬಿಯಲ್ಲೇ ಡಾಬರ್ ಕಂಪನಿಯ ಕಚೇರಿ ಇದೆ. 1884ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕಂಪನಿ, 2005ರಲ್ಲಿ ಬಾಲ್ಸಾರಾದವರಿಂದ ಪ್ರಾಮಿಸ್, ಬಬೂಲ್, ಮಿಸ್ವಾಕ್ ಮೂರೂ ಪೇಸ್ಟುಗಳನ್ನು ಕೊಂಡುಕೊಂಡಿತು. ಆಮೇಲೆ ಪತಂಜಲಿಯ ದಂತಕಾಂತಿ ಬಂತು. ಅದರ ಓಟ ನೋಡಿ 2016ರಲ್ಲಿ ಕೋಲ್ಗೇಟ್‌ನಂಥ ಅಮೆರಿಕದ ಕಂಪನಿಯೇ 'ವೇದಶಕ್ತಿ' ಅಂತ ಹೆಸರಿಟ್ಟುಕೊಂಡು ನಿಂತಿತು. ವೇದದಲ್ಲಿ ಸಾರ್ಬಿಟಾಲ್ ಯಾವ ಮಂಡಲದಲ್ಲಿದೆ ಅಂತ ಕೇಳಬೇಡಿ. ಈಗ ಗುರ್ಗಾಂವಿನ ಗಾಜಿನ ಕಟ್ಟಡಗಳಿಂದ ಹೊರಡುವ ಹೊಸ ಕಂಪನಿಗಳಿಗೆ ವೇದವೂ ಹಳೆಯದಾಯಿತು, ಈಗಿನ ಮಂತ್ರ 'ಪ್ಲಾಂಟ್ ಬೇಸ್ಡ್'.

ಈ ಮಂತ್ರದ ಚಮತ್ಕಾರ ಗೊತ್ತೇ? ಸಾರ್ಬಿಟಾಲ್ ಮಾಡುವುದು ಮೆಕ್ಕೆಜೋಳ, ಮರಗೆಣಸಿನ ಪಿಷ್ಟದಿಂದ. ನೊರೆಯ ಲಾರೈಲ್ ಸಲ್ಫೇಟನ್ನು ತೆಂಗಿನೆಣ್ಣೆ, ತಾಳೆ ಬೀಜದೆಣ್ಣೆಯಿಂದಲೂ ಮಾಡುತ್ತಾರೆ. ಹಾಗಾಗಿ ಬೇರನ್ನು ಮೂಸಿಯೂ ನೋಡದ ಪೇಸ್ಟಿಗೂ 'ಸಸ್ಯಮೂಲ' ಅನ್ನಬಹುದು, ಪೂರ್ತಿ ಸುಳ್ಳಾಗುವುದಿಲ್ಲ! ಆದರೆ ಸೀಮೆಸುಣ್ಣ ಇದ್ದೂ 'ನೂರಕ್ಕೆ ನೂರು' ಅಂದರೆ ಮಾತ್ರ ಸಿಕ್ಕಿಬೀಳುತ್ತಾರೆ. ಸುಣ್ಣದ ಕಲ್ಲು ಯಾವ ಗಿಡದಲ್ಲೂ ಬಿಡುವುದಿಲ್ಲ.

ಇನ್ನು ಹಸಿರು ಚುಕ್ಕೆಯ ಕಥೆ. 2024ರಲ್ಲಿ ದೆಹಲಿ ಹೈಕೋರ್ಟಿಗೆ ಒಂದು ಅರ್ಜಿ ಬಂತು. ಪತಂಜಲಿಯ ದಿವ್ಯ ದಂತಮಂಜನದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಇದೆ, ಆದರೆ ಪದಾರ್ಥಗಳ ಪಟ್ಟಿಯಲ್ಲಿ ಸಮುದ್ರಫೇನ ಇದೆ ಅನ್ನುವುದು ಅರ್ಜಿದಾರರ ದೂರು. ಕೋರ್ಟು ನೋಟಿಸ್ ಕೊಟ್ಟಿತು. ಸಮುದ್ರಫೇನ ಅಂದರೆ ಕಡಲ ನೊರೆ ಅಂತ ಕಾವ್ಯಮಯವಾಗಿ ಕೇಳಿಸುತ್ತದೆ, ವಾಸ್ತವದಲ್ಲಿ ಅದು ಬೊಂಡಾಸದ ಜಾತಿಯ ಒಂದು ಕಡಲಜೀವಿಯ ಒಳಮೂಳೆ. ಹಳೆಯ ಆಯುರ್ವೇದದಲ್ಲಿ ಅದು ಔಷಧದ್ರವ್ಯವೇ, ಅಲ್ಲಿ ಯಾರೂ ಅದನ್ನು ಬಚ್ಚಿಟ್ಟಿರಲಿಲ್ಲ. ಆಯುರ್ವೇದ ಪೂರ್ತಿ ಸೊಪ್ಪು ಬೇರಿನ ಶಾಸ್ತ್ರ ಅಂದುಕೊಂಡವರು ನಾವು. ಆ ಅಂದುಕೊಳ್ಳುವಿಕೆಯೇ ಕಂಪನಿಗಳ ಬಂಡವಾಳ.

ತಮಾಷೆ ಅಂದರೆ ಇದೇ ಕಂಪನಿಗಳಿಗೆ ಎರಡು ನಾಲಿಗೆ. ಗಿರಾಕಿಗೆ ಇದು ದಿನಾ ಉಜ್ಜುವ ಪೇಸ್ಟು, ತೆರಿಗೆಯವರಿಗೆ ಇದು ಔಷಧ, ಏಕೆಂದರೆ ಔಷಧವಾದರೆ ಅಬಕಾರಿ ಸುಂಕ ಕಡಿಮೆ. ಬೈದ್ಯನಾಥ್‌ನವರ 'ದಂತಮಂಜನ್ ಲಾಲ್' ಈ ಜಗಳ ಹೊತ್ತುಕೊಂಡು ಸುಪ್ರೀಂ ಕೋರ್ಟಿನ ತನಕ ಹೋಯಿತು. ಸಾಮಾನ್ಯ ಜನ ಇದನ್ನು ಔಷಧ ಅಂತ ಕೊಳ್ಳುವುದಿಲ್ಲ, ಹಲ್ಲುಪುಡಿ ಅಂತ ಕೊಳ್ಳುತ್ತಾರೆ ಅನ್ನುವ ದೃಷ್ಟಿಯಿಂದ ಕೋರ್ಟು ಅದನ್ನು ಔಷಧ ಅಲ್ಲ ಅಂದಿತು, 2009ರಲ್ಲಿ ಮತ್ತೊಮ್ಮೆ ಅದನ್ನೇ ಎತ್ತಿಹಿಡಿಯಿತು. ವಿಕೋ ವಜ್ರದಂತಿಯ ವಿಷಯದಲ್ಲಿ ಅದೇ ಕೋರ್ಟು ಔಷಧ ಅಂತ ಒಪ್ಪಿಕೊಂಡಿತ್ತು. ಒಂದೇ ಗೂಡಿನಲ್ಲಿ ಅಕ್ಕಪಕ್ಕ ಕೂತ ಎರಡು ಡಬ್ಬಿ, ಒಂದು ಔಷಧ, ಇನ್ನೊಂದು ಸೌಂದರ್ಯ ಸಾಮಗ್ರಿ! 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟಿಗೂ ಹಲ್ಲುಪುಡಿಗೂ ಜಿಎಸ್‌ಟಿ ಶೇಕಡಾ 5 ಆಗಿರುವುದರಿಂದ ಆ ಜಗಳದ ಸ್ವಾರಸ್ಯ ಹೋಯಿತು. ಆದರೆ ಲೇಬಲ್ಲಿನ ವ್ಯತ್ಯಾಸ ಹಾಗೇ ಉಳಿದಿದೆ. ಆಯುರ್ವೇದದ ಲೈಸೆನ್ಸಾದರೆ ಪ್ರತಿ ಮೂಲಿಕೆಯ ಪ್ರಮಾಣ ಬರೆಯಲೇಬೇಕು. ಸೌಂದರ್ಯ ಸಾಮಗ್ರಿಯ ಲೈಸೆನ್ಸಾದರೆ ಹೆಸರು ಬರೆದರೆ ಸಾಕು, ಗ್ರಾಂ ಬೇಕಿಲ್ಲ. ಶೇಕಡಾ ಒಂದಕ್ಕಿಂತ ಹೆಚ್ಚಿರುವುದನ್ನು ಹೆಚ್ಚಿನಿಂದ ಕಡಿಮೆಗೆ ಬರೆಯಬೇಕು, ಒಂದು ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಬರೆಯಬಹುದು. ನಮ್ಮ ಹುಡುಗ ಮಾರುತ್ತಿದ್ದ ಟ್ಯೂಬು ಈ ಎರಡನೆಯ ಬಗೆಯದು. ಪಟ್ಟಿಯಲ್ಲಿ ಬೇರು ಇತ್ತು. ಸುವಾಸನೆಗಿಂತ ಕೆಳಗೆ, ಬಣ್ಣಕ್ಕಿಂತ ಮೇಲೆ.

"ಇರಲಿ ಬಿಡಿ ಸಾರ್, ಗಿಡದ್ದು ತಾನೇ, ತೊಂದರೆಯಂತೂ ಮಾಡಲ್ಲ" ಅನ್ನುವವರಿದ್ದಾರೆ. ಹೊಗೆಸೊಪ್ಪು ಯಾವುದರದ್ದು ಸ್ವಾಮಿ? ಅದೂ ಗಿಡದ್ದೇ. ಉತ್ತರ ಭಾರತದಲ್ಲಿ ಹಲ್ಲುಪುಡಿಯಲ್ಲಿ ಹೊಗೆಸೊಪ್ಪು ಬೆರೆಸುವ ಪದ್ಧತಿ ಎಷ್ಟು ಬಲವಾಗಿತ್ತು ಅಂದರೆ 1992ರಲ್ಲಿ ಕೇಂದ್ರ ಸರ್ಕಾರ ಪೇಸ್ಟು ಪುಡಿಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಹತ್ತೊಂಬತ್ತು ವರ್ಷದ ಮೇಲೆ, 2011ರಲ್ಲಿ, ಇದೇ ದೆಹಲಿಯ ಔಷಧ ವಿಜ್ಞಾನ ಸಂಸ್ಥೆ ಡಿಪ್ಸಾರ್‌ನವರು ಅಂಗಡಿಯಲ್ಲಿ ಸಿಗುವ ಪೇಸ್ಟು ಪುಡಿಗಳನ್ನು ಪರೀಕ್ಷಿಸಿ ಕೆಲವದರಲ್ಲಿ ನಿಕೋಟಿನ್ ಸಿಕ್ಕಿದೆ ಅಂದರು. ಕಂಪನಿಗಳು ಇಲ್ಲವೇ ಇಲ್ಲ ಅಂದವು.

ನಮ್ಮ ಮನೆಯ ಉದಾಹರಣೆಯೇ ಬೇಕಾದರೆ ಬಜೆ ಇದೆ. ನಮ್ಮ ತುಮಕೂರು ಸೀಮೆಯ ಕೊರಟಗೆರೆ ತಾಲ್ಲೂಕಿನಲ್ಲಿ ರೈತರು ಗದ್ದೆಯ ಕೆಸರಿನಲ್ಲಿ ಭತ್ತದ ಹಾಗೆ ನಾಟಿ ಮಾಡಿ ಬಜೆ ಬೆಳೆದುಕೊಂಡು ಬಂದಿದ್ದಾರೆ. ಕಾಡಿನಿಂದ ಅಗೆದು ತಂದದ್ದಲ್ಲ, ಬೆಳೆ. ಮಗುವಿಗೆ ನಾಲಿಗೆ ಚೆನ್ನಾಗಿ ತಿರುಗಲಿ ಅಂತ ಕಲ್ಲಿನ ಮೇಲೆ ಎರಡು ಸುತ್ತು ತೇದು ನೆಕ್ಕಿಸದ ಮನೆ ನಮ್ಮ ಕಡೆ ಇರಲಿಲ್ಲ. ಇಲ್ಲಿ ಖಾರಿ ಬಾವಲಿಯ ಪನ್ಸಾರಿ ಅಂಗಡಿಗಳಲ್ಲಿ ಅದು 'ಬಚ್'. ಈ ಬಜೆಯ ಎಣ್ಣೆಯಲ್ಲಿ ಬೀಟಾ ಆಸರೋನ್ ಅನ್ನುವ ಅಂಶವಿದೆ. ಇಲಿಗಳಲ್ಲಿ ಅದರಿಂದ ಗಡ್ಡೆಗಳು ಬಂದದ್ದು ಕಂಡು ಅಮೆರಿಕದವರು 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸಬಾರದು ಅಂತ ನಿಷೇಧಿಸಿದರು. ನಮ್ಮ ನಾಡಿನ ಬಜೆಯಲ್ಲಿ ಆ ಅಂಶ ಹೆಚ್ಚು. ಎರಡು ಸುತ್ತು ತೇದದ್ದಕ್ಕೆ ಹೆದರಿ ಅಂತ ಹೇಳುತ್ತಿಲ್ಲ. ನಮ್ಮ ಅಜ್ಜಿಗೆ 'ಎರಡು ಸುತ್ತು' ಅನ್ನುವ ಅಳತೆ ಇತ್ತು, ಮೂರನೇ ಸುತ್ತಿಗೆ ಸೊಸೆಯ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಟ್ಯೂಬಿನವನಿಗೆ ಆ ಅಳತೆ ಹೇಳಲು ಏನು ಕಷ್ಟ?

ಈಗ ಪೂರ್ವಜರ ಬ್ರಹ್ಮಾಸ್ತ್ರಕ್ಕೆ ಬರೋಣ. "ನಮ್ಮ ಅಜ್ಜ ಬೇವಿನ ಕಡ್ಡಿಯಲ್ಲಿ ಉಜ್ಜಿ ತೊಂಬತ್ತು ವರ್ಷ ಕಬ್ಬು ಸಿಗಿದರು." ಎಲ್ಲರ ಅಜ್ಜಂದಿರೂ ಕಬ್ಬು ಸಿಗಿದವರೇ. ಹಾಗಾದರೆ ನನ್ನ ಒಂದೇ ಪ್ರಶ್ನೆ: ಮನೆಮನೆಯಲ್ಲಿ ಎಲೆಯಡಿಕೆಯ ಕುಟ್ಟಾಣಿ ಯಾಕಿತ್ತು? ಹಿತ್ತಾಳೆಯದು, ಕಬ್ಬಿಣದದು, ಕಲ್ಲಿನದು. ಜಗಲಿಯಲ್ಲಿ ಕೂತು ಅಜ್ಜಿ ಟಕ್ ಟಕ್ ಅಂತ ಅಡಿಕೆ ಕುಟ್ಟುವ ಸದ್ದು ನಮ್ಮ ವಯಸ್ಸಿನವರ ಕಿವಿಯಲ್ಲಿ ಇನ್ನೂ ಇದೆಯಲ್ಲ? ಹಲ್ಲು ಗಟ್ಟಿ ಇದ್ದವರು ಅಡಿಕೆ ಕುಟ್ಟಿಕೊಳ್ಳುತ್ತಾರೆಯೇ? ಆ ಕುಟ್ಟಾಣಿಗಳೇ ಸಾಕ್ಷಿ, ನಮ್ಮ ಹಿರಿಯರ ಬಾಯಲ್ಲಿ ಐವತ್ತು ಅರವತ್ತಕ್ಕೆ ಹಲ್ಲು ಉಳಿಯುತ್ತಿರಲಿಲ್ಲ. ಉಳಿದ ಕೆಲವರ ಕಥೆ ಮಾತ್ರ ನಮಗೆ ನೆನಪಿದೆ. ಉದುರಿದವರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಜೊತೆಗೆ ಅವರಿಗೆ ಸಕ್ಕರೆ ಹಬ್ಬಕ್ಕೊಂದು ದಿನ, ನಮ್ಮ ಮೊಮ್ಮಕ್ಕಳಿಗೆ ಎರಡು ಗಂಟೆಗೊಮ್ಮೆ ಚಾಕೊಲೇಟು, ಪೊಟ್ಟಣದ ಜ್ಯೂಸು.

ಇನ್ನೊಂದು ಮಾತು. ಪೂರ್ವಜರ ಗ್ರಂಥ ತೆಗೆದು ನೋಡಿದರೆ ಅವರು ಇವರಷ್ಟು ಸಡಿಲವಾಗಿ ಮಾತಾಡಿಲ್ಲ. ಸುಶ್ರುತ ಹಲ್ಲುಕಡ್ಡಿಯನ್ನು ರುಚಿಯ ಮೇಲೆ ವಿಂಗಡಿಸುತ್ತಾನೆ. ಕಹಿಯಲ್ಲಿ ಬೇವು ಶ್ರೇಷ್ಠ, ಒಗರಿನಲ್ಲಿ ಖದಿರ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಕರಂಜ ಅಂದರೆ ನಮ್ಮ ಹೊಂಗೆ. ಹನ್ನೆರಡು ಬೆರಳು ಉದ್ದ, ಕಿರುಬೆರಳ ದಪ್ಪ ಅಂತ ಅಳತೆ ಕೊಡುತ್ತಾನೆ. ವಾಗ್ಭಟನಂತೂ ಯಾರು ಉಪಯೋಗಿಸಬಾರದು ಅಂತಲೇ ಪಟ್ಟಿ ಕೊಡುತ್ತಾನೆ: ಅಜೀರ್ಣ, ವಾಂತಿ, ಕೆಮ್ಮು, ಜ್ವರ ಇರುವವರು, ಬಾಯಿ ಹುಣ್ಣಾದವರು, ಮುಖದ ವಾಯು ಬಡಿದವರು ಕಡ್ಡಿ ಮುಟ್ಟಬಾರದು. ಗಿಡ ಯಾವುದು, ಅಳತೆ ಎಷ್ಟು, ಯಾರಿಗೆ ಬೇಡ, ಮೂರನ್ನೂ ಹೇಳಿದ್ದಾರೆ. 340 ರೂಪಾಯಿಯ ಟ್ಯೂಬು ಮೂರನ್ನೂ ಹೇಳುವುದಿಲ್ಲ. ಯಾವುದು ಶಾಸ್ತ್ರ, ಯಾವುದು ಸಂತೆ, ನೀವೇ ಹೇಳಿ.

ನಮ್ಮ ನಂಜನಗೂಡಿನ ಹಲ್ಲುಪುಡಿ ನೆನಪಿದೆಯೇ? ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯದು. ಗುಲಾಬಿ ಬಣ್ಣ, ಕಾಗದದ ಪೊಟ್ಟಣ, ಭತ್ತದ ಹೊಟ್ಟಿನ ಬೂದಿ. ಅಂಗೈಯಲ್ಲಿ ಹಾಕಿಕೊಂಡರೆ ಮೂತಿಯೆಲ್ಲ ಗುಲಾಬಿ. ಮೈಸೂರು ಸೀಮೆಯ ಬಡವರ ಬಾಯನ್ನು ಕಾಸಿಗೆ ಶುಚಿಯಾಗಿಟ್ಟ ಪುಡಿ ಅದು, ಹಲ್ಲುಪುಡಿ ಅಂತ ಹೆಸರು ಹೇಳಿಕೊಂಡೇ ಮಾರಿದರು. ಅದರ ಹೆಸರೆತ್ತಿದರೆ ನಮ್ಮ ಗುಂಪಿನಲ್ಲಿ ಎಲ್ಲರ ಕಣ್ಣೂ ತೇವ. ಕೊಳ್ಳುವುದು ಮಾತ್ರ 340ರದ್ದು!

ಇಷ್ಟಾದರೆ ಇದು ದುಡ್ಡಿನ ಮಾತು, ಹೋಗಲಿ ಅಂತ ಬಿಡುತ್ತಿದ್ದೆ. ಬಿಡಲಾಗದ್ದು ಫ್ಲೋರೈಡ್ ವಿಷಯ.

'ಫ್ಲೋರೈಡ್ ವಿಷ' ಅನ್ನುವ ಹೆದರಿಕೆ ಆಕಾಶದಿಂದ ಬಿದ್ದದ್ದಲ್ಲ. ಪಾವಗಡದ, ಮುಂಡರಗಿಯ, ಬಾಗೇಪಲ್ಲಿಯ ಹಳ್ಳಿಗಳಲ್ಲಿ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಾಗಿ, ಬೆನ್ನು ಬಾಗಿ ನಿಂತವರನ್ನು ನಾವು ನೋಡಿದ್ದೇವೆ. ಇಲ್ಲಿ ಪಕ್ಕದ ನೂಹ್, ಗುರ್ಗಾಂವ್ ಜಿಲ್ಲೆಗಳಲ್ಲಿ, ನಜಫ್‌ಗಢದ ಕಡೆ ಅಂತರ್ಜಲಕ್ಕೆ ಅದೇ ಕಾಯಿಲೆ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಿತಿ. ದಿನಾ ಕುಡಿಯುವ ನೀರಿನ ಆ ಸಂಕಟವನ್ನು ಉಗಿದುಬಿಡುವ ಪೇಸ್ಟಿನ ತಲೆಗೆ ಕಟ್ಟಿ, 'ನಮ್ಮದರಲ್ಲಿ ಇಲ್ಲ' ಅಂತ ಬೋರ್ಡು ಹಾಕುವುದು ಮಾತ್ರ ವ್ಯಾಪಾರ. ನಮ್ಮ ಕಾನೂನಿನಲ್ಲಿ ಪೇಸ್ಟಿನ ಫ್ಲೋರೈಡಿಗೂ ಮಿತಿ ಇದೆ, ಹತ್ತು ಲಕ್ಷಕ್ಕೆ ಸಾವಿರ ಭಾಗ ಮೀರಬಾರದು, ಟ್ಯೂಬಿನ ಮೇಲೆ ಬರೆಯಲೇಬೇಕು. ಫ್ಲೋರೈಡಿನ ಅಳತೆ ಹೇಳಬೇಕು, ಬೇರಿನ ಅಳತೆ ಹೇಳಬೇಕಿಲ್ಲ. ಇದು ಯಾವ ನ್ಯಾಯ?

ಫ್ಲೋರೈಡ್ ಪೇಸ್ಟಿನಿಂದ ಮಕ್ಕಳ ಹಲ್ಲಿನ ಹುಳುಕು ಸುಮಾರು ಶೇಕಡಾ 24ರಷ್ಟು ಕಡಿಮೆ ಆಗುತ್ತದೆ ಅಂತ 2003ರಲ್ಲಿ ಕಾಕ್ರೇನ್ ಸಂಸ್ಥೆಯವರು ಹತ್ತಾರು ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿ ಹೇಳಿದರು. ಯಾವ ಬೇರಿನ ಪೇಸ್ಟಿನ ಹಿಂದೆ ಅಷ್ಟು ತೂಕದ ಸಾಕ್ಷ್ಯ ಇದೆ, ತೋರಿಸಲಿ. ಈಗ ನಮ್ಮ ಎನ್‌ಸಿಆರ್ ಫ್ಲಾಟಿನ ಮಗುವನ್ನು ನೋಡಿ. ಕುಡಿಯುವುದು ಆರ್‌ಒ ನೀರು, ಅದರಲ್ಲಿ ಇದ್ದಬದ್ದ ಫ್ಲೋರೈಡೂ ಸೋಸಿಹೋಗಿದೆ. ತಿನ್ನುವುದು ಬಿಸ್ಕತ್ತು. ಉಜ್ಜುವುದು ಫ್ಲೋರೈಡ್ ಇಲ್ಲದ 'ಪ್ಲಾಂಟ್ ಬೇಸ್ಡ್'. ಸಾಲದ್ದಕ್ಕೆ ಅಪ್ಪ ಅಮ್ಮ ಇಬ್ಬರಿಗೂ ಬೆಳಿಗ್ಗೆ ಕ್ಯಾಬ್ ಅವಸರ. ನನಗೆ ಗೊತ್ತಿರುವ ಕನ್ನಡದ ಮನೆಯೊಂದರ ನಾಲ್ಕು ವರ್ಷದ ಮಗುವಿಗೆ ಮುಂದಿನ ನಾಲ್ಕು ಹಲ್ಲು ಕರಗಿ ಕಂದು ಮೊಳೆಗಳಾಗಿದ್ದವು. ಪ್ರಜ್ಞೆ ತಪ್ಪಿಸಿ ಕೀಳಬೇಕಾಯಿತು. ಆ ತಾಯಿ ದುಬಾರಿ ಮೂಲಿಕೆ ಪೇಸ್ಟನ್ನೇ ಹುಡುಕಿ ಕೊಳ್ಳುತ್ತಿದ್ದವಳು, ಮಗುವಿನ ಒಳ್ಳೆಯದಕ್ಕೇ. ಪೇಸ್ಟಿನಿಂದಲೇ ಹಾಗಾಯಿತು ಅನ್ನಲಾರೆ, ರಾತ್ರಿ ಹಾಲಿನ ಬಾಟಲಿಯೂ ಇತ್ತು. ಆದರೆ ಒಂದು ರಕ್ಷಣೆಯನ್ನು ಹೆದರಿಸಿ ಕಿತ್ತುಕೊಂಡದ್ದು ಆ ಟ್ಯೂಬಿನ ಮೇಲಿನ ದೊಡ್ಡ ಅಕ್ಷರ.

ದಂತವೈದ್ಯರು ಹೇಳುವುದು ಇಷ್ಟೇ: ಮೂರು ವರ್ಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ಆಮೇಲೆ ಬಟಾಣಿಯಷ್ಟು, ದಿನಕ್ಕೆರಡು ಸಲ, ಹಿರಿಯರು ನಿಂತು ಉಜ್ಜಿಸಬೇಕು, ನುಂಗಬಾರದು. ಊರಿನ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಹೆಚ್ಚಿದ್ದರೆ ಡಾಕ್ಟರನ್ನು ಕೇಳಿ. ಬಡವರೂ ಹೋಗಬಹುದಾದ ಸರ್ಕಾರಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ ದಿಲ್ಲಿ ಗೇಟಿನ ಹತ್ತಿರವೇ ಇದೆ.

ಬೇರಿನ ಕಡೆಯವರ ಪರವಾಗಿಯೂ ಒಂದು ಲೆಕ್ಕ ಹೇಳಿಬಿಡುತ್ತೇನೆ. ಟ್ಯೂಬಿನಲ್ಲಿ ಒಂದು ಗ್ರಾಂ ಬೇರಿದೆ ಅಂತಲೇ ಇಟ್ಟುಕೊಳ್ಳಿ. ಒಂದು ಕಿಲೋ ಬೇರಿನಿಂದ ಸಾವಿರ ಟ್ಯೂಬು, ಒಂದಕ್ಕೆ 340ರಂತೆ ಮೂರು ಲಕ್ಷ ನಲವತ್ತು ಸಾವಿರ ರೂಪಾಯಿ. ಆ ಕಿಲೋ ಅಗೆದವನಿಗೆ ಎಷ್ಟು ಸಿಕ್ಕಿರಬಹುದು? ಔಷಧ ಸಸ್ಯಗಳ ಬೆಳೆಗೆ ಬೆಂಬಲ ಕೊಡಲೆಂದೇ 2000ದಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಔಷಧ ಸಸ್ಯ ಮಂಡಳಿ ಮಾಡಿತು. ಅದರ ಕಚೇರಿಯೂ ಇದೇ ದೆಹಲಿಯಲ್ಲಿದೆ. ಕೊರಟಗೆರೆಯ ಗದ್ದೆಯಲ್ಲಿ ತಿಂಗಳುಗಟ್ಟಲೆ ಕೆಸರು ತುಳಿಯುವವನಾಗಲಿ, ಮರಳಲ್ಲಿ ಪೀಲು ಬೇರು ಅಗೆಯುವವನಾಗಲಿ ಟ್ಯೂಬಿನ ಮೇಲೆ ಎಲ್ಲಾದರೂ ಇದ್ದಾನೆಯೇ? ಚಿತ್ರ ಅವನ ಬೇರಿನದು, ಉಳಿದದ್ದೆಲ್ಲ ಗಾಜಿನ ಕಟ್ಟಡದವರದು. ಹೆಚ್ಚು ಗ್ರಾಂ ಹಾಕಲೇಬೇಕಾದ ಕಾಲ ಬಂದರೆ ಅವನಿಂದ ಹೆಚ್ಚು ಕೊಳ್ಳಲೇಬೇಕಾಗುತ್ತದೆ. ಗ್ರಾಂ ಬರೆಯಿರಿ ಅನ್ನುವ ನನ್ನ ಹಟ ಅವನಿಗೂ ಸೇರಿದ್ದು.

ಈ ಸಲ ರಾಜ್ಯೋತ್ಸವದ ಮಳಿಗೆಗಳ ಬಗ್ಗೆ ನಮ್ಮ ಬಡಾವಣೆಯ ಸಮಿತಿಗೆ ಒಂದು ಪತ್ರ ಕೊಟ್ಟಿದ್ದೇನೆ. ಚಟ್ನಿಪುಡಿ, ಹಪ್ಪಳ, ಇಳಕಲ್ ಸೀರೆ, ಯಾವುದಕ್ಕೂ ನನ್ನ ಅಡ್ಡಿಯಿಲ್ಲ. ಮೂಲಿಕೆಯ ಹೆಸರಲ್ಲಿ ಹಲ್ಲಿನ ಸಾಮಾನು ಮಾರುವವರು ಮಾತ್ರ ಮೇಜಿನ ಮೇಲೆ ಒಂದು ರಟ್ಟು ನಿಲ್ಲಿಸಬೇಕು: ಬೇರು ಇಷ್ಟು ಗ್ರಾಂ, ಬಂದದ್ದು ಇಂಥ ಊರಿನಿಂದ, ಫ್ಲೋರೈಡ್ ಇದೆ ಅಥವಾ ಇಲ್ಲ. ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದಲು ಬರುವ ಅಕ್ಷರದಲ್ಲಿ. ಕಾರ್ಯದರ್ಶಿಯವರು "ಸಾರ್, ಹಾಗೆ ಮಾಡಿದರೆ ಆ ಮಳಿಗೆಯ ಬಾಡಿಗೆ ಬರಲ್ಲ" ಅಂದರು. ಎಷ್ಟು ಬಾಡಿಗೆ ಅಂತ ಕೇಳಿದೆ, ಎರಡು ಸಾವಿರ. ಅದನ್ನು ನಾನೇ ಕೊಟ್ಟು ಆ ಮೇಜಿನ ಮೇಲೆ ಜಾಮಾ ಮಸೀದಿಯ ಒಂದು ಕಟ್ಟು ಮಿಸ್ವಾಕ್ ಇಡುತ್ತೇನೆ ಅಂದಿದ್ದೇನೆ, ತಂದ ಬೆಲೆಗೇ, ಹೇಗೆ ಜಗಿಯಬೇಕು ಅಂತ ತೋರಿಸುವುದು ಪುಕ್ಕಟೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.